ಹಾಯ್ ವಾನ್ ಘಾಟಿಯ ಹಸಿ ಕೊಂಬೆ

ಮೋಡಕ್ಕೂ ಒಂದು ತೌರು ಬೇಕಲ್ಲವೇ, ರಸಿಕರೇ! ಹಗಲೆಲ್ಲ ಸಾಗರದ ಮೇಲೆ ಅಲೆದಲೆದು ದಣಿದ ಮೇಘಮಾಲೆಗಳು ಸಂಜೆಗೆ ಬಂದು ತಲೆಯಾನಿಸುವ ತಾಣವೊಂದಿದ್ದರೆ ಅದು ನಮ್ಮ ಹಾಯ್ ವಾನ್ ಘಾಟಿ. ಪಡುವಣದಿಂದ ಸಾಲುಗಟ್ಟಿ ಬಂದ ಗಿರಿಪಂಕ್ತಿಯು, ಇನ್ನು ಮುಂದೆ ನೆಲವಿಲ್ಲವೆಂದು ತಿಳಿದೂ ನಿಲ್ಲಲಾರದೆ, ನೀಲಜಲದಲ್ಲಿ ಪಾದವಿಳಿಬಿಟ್ಟು ಕುಳಿತಿರುವ ಎಡೆಯದು. ಚಳಿಗಾಲದ ಮಳೆ ಹಿಂದೆ ಸರಿದು ವಸಂತ ಇನ್ನೂ ಬಾಗಿಲು ತಟ್ಟದಿರುವ ಆ ಸಂಧಿಕಾಲದಲ್ಲಿ ಘಾಟಿಯ ದಕ್ಷಿಣದ ಮಗ್ಗುಲಲ್ಲಿ ಎಳೆಬಿಸಿಲು ಮಲಗಿದ್ದರೆ, ಉತ್ತರದ ಮಗ್ಗುಲಲ್ಲಿ ತುಂತುರು ಜಿನುಗುತ್ತಲೇ ಇರುತ್ತದೆ. ಶಿಖರದ ಹಳೆಯ ಕಲ್ಲುಬಾಗಿಲಲ್ಲಿ ನಿಂತವನ ಒಂದು ಭುಜ ಬೆಚ್ಚಗೂ ಇನ್ನೊಂದು ಭುಜ ಒದ್ದೆಯಾಗಿಯೂ ಇರುತ್ತದೆಂದು ನಮ್ಮವರು ಕೊಚ್ಚಿಕೊಳ್ಳುವುದುಂಟು. ನಾನು ನಿಂತು ನೋಡಿದ್ದೇನೆ. ನನಗಂತೂ ಎರಡೂ ಭುಜ ಒದ್ದೆಯಾದವು!

ಆಗ ಯುದ್ಧ ಮುಗಿದು, ರೇಷನ್ ಚೀಟಿಯ ಕಾಲ ನಡೆಯುತ್ತಿತ್ತು. ಅಕ್ಕಿಗೂ ಸಾಲು, ಸೀಮೆಎಣ್ಣೆಗೂ ಸಾಲು. ಸೈಕಲ್ಲಿನ ಬ್ರೇಕಿಗೆ ಹಾಕುವ ರಬ್ಬರು ತುಂಡಂತೂ ದೇವರ ಪ್ರಸಾದಕ್ಕಿಂತ ದುರ್ಲಭ. ಆದರೂ ಘಾಟಿಯನ್ನು ದಾಟದೆ ಬದುಕು ಸಾಗುವಂತಿರಲಿಲ್ಲ. ಹೊರೆ ಹೇರಿದ ಸೈಕಲ್ಲನ್ನು ಎದೆಯೊಡ್ಡಿ ತಳ್ಳುತ್ತ, ತಿರುವಿನ ಮೇಲೆ ತಿರುವು ಏರಿ, ಶಿಖರದ ಗುಡಿಯಲ್ಲಿ ಊದುಬತ್ತಿ ಹಚ್ಚಿ, ಕಾಡಿನಿಂದ ಎಲೆ ತುಂಬಿದ ಒಂದು ಕೊಂಬೆ ಕಡಿದು ಸೈಕಲ್ಲಿನ ಹಿಂದಕ್ಕೆ ಹಗ್ಗದಿಂದ ಬಿಗಿಯುತ್ತಿದ್ದರು ನಮ್ಮವರು. ನೆಲಕ್ಕೆ ಉಜ್ಜಿಕೊಂಡು ಬರುವ ಆ ಕೊಂಬೆಯೇ ಇಳಿಜಾರಿನ ಬ್ರೇಕು! ಬುಡಕ್ಕೆ ಬಂದ ಮೇಲೆ ಹಗ್ಗ ಬಿಚ್ಚಿ, ಕೊಂಬೆಯನ್ನು ಯಾರದಾದರೂ ಬಾಗಿಲಲ್ಲಿ ಬಿಟ್ಟು ಹೋದರೆ ಆ ಮನೆಯವರಿಗೆ ಸೌದೆಯಾಯಿತು.

ದಕ್ಷಿಣದ ಬುಡದ ನಾಮ್ ಓ ಊರಿನ ವಿಯೆನ್ ಹೀಗೆ ಪ್ರತಿ ಸಂತೆಗೂ ಘಾಟಿ ದಾಟುತ್ತಿದ್ದವನು. ಸಣ್ಣ ಮೀನನ್ನು ಉಪ್ಪಿನಲ್ಲಿ ಕಳಿಯಿಸಿ, ತಿಂಗಳುಗಟ್ಟಲೆ ಕಾದು ಇಳಿಸಿದ ಜೇನುಬಣ್ಣದ ರಸ ಅವನ ಸರಕು. ಸೈಕಲ್ಲಿನ ಇಕ್ಕೆಲಗಳಲ್ಲಿ ಅದರ ಜಾಡಿಗಳು. ಒಳ್ಳೆಯ ಆಳು, ಗಟ್ಟಿ ಕಾಲು, ಆದರೆ ಮಾತು ಮಾತ್ರ ಗಂಟಲಲ್ಲೇ ಕಟ್ಟಿಹಾಕಿದ ಕರು. ಹಿಂದೊಮ್ಮೆ ಹೆಣ್ಣು ಕೇಳಲು ಹೋದಾಗ, ಆ ಮನೆಯವರು ಮೀನಿನ ವಾಸನೆಯೆಂದು ಮೂಗು ಮುಚ್ಚಿಕೊಂಡು ನಕ್ಕಿದ್ದರಂತೆ. ಅಂದಿನಿಂದ ಆ ಮಾತನ್ನೇ ಅವನು ಎತ್ತಲಿಲ್ಲ.

ಉತ್ತರದ ಇಳಿಜಾರು ಮುಗಿದು ಲಾಂಗ್ ಕೋ ಊರು ಮೊದಲಾಗುವಲ್ಲಿ, ಮೊದಲ ಮನೆಯೇ ಥೋವಾಳ ತಿಂಡಿಯಂಗಡಿ. ಪುಟ್ಟ ಪುಟ್ಟ ಬಟ್ಟಲುಗಳಲ್ಲಿ ಅಕ್ಕಿಹಿಟ್ಟು ಹಬೆಯಲ್ಲಿ ಬೇಯಿಸಿ, ಮೇಲೆ ಒಣಸೀಗಡಿ ಉದುರಿಸಿ, ವಿಯೆನ್ ತಂದ ಮೀನಿನ ರಸವನ್ನು ನಾಲ್ಕು ಹನಿ ಬಿಟ್ಟು ಕೊಡುತ್ತಿದ್ದಳು. ಹಾಸಿಗೆ ಹಿಡಿದ ತಾಯಿಯ ಆರೈಕೆಯಲ್ಲೇ ಯೌವನದ ಮುಂಬೆಳಗು ಕಳೆದುಹೋಗಿತ್ತು. ತಾಯಿಯೂ ಹೋದ ಮೇಲೆ ಈಗ ಮನೆಯಲ್ಲಿ ಅವಳು ಮತ್ತು ಮೆನ್ ಎಂಬ ಅವಳ ಚಿಕ್ಕಮ್ಮ. ವರ್ಷಗಳ ಹಿಂದೆ ಒಂದು ಸಂಜೆ ವಿಯೆನ್ ಅವಳ ಅಂಗಳದಲ್ಲಿ ನಿಂತು, “ಇದನ್ನ ಇಲ್ಲೇ ಬಿಡ್ಲಾ?” ಎಂದು ಕೇಳಿದ್ದ. “ಬಿಡಿ, ಒಲೆಗಾಗುತ್ತೆ” ಎಂದಿದ್ದಳು. ಅಷ್ಟೇ! ಅಂದಿನಿಂದ ಅವನ ಕೊಂಬೆ ಇನ್ನೊಂದು ಬಾಗಿಲು ಕಂಡಿಲ್ಲ. ಅವಳು ಅವನ್ನು ಹಿತ್ತಿಲ ಗೋಡೆಗೆ ಒರಗಿಸಿ ಒಣಗಿಸುತ್ತಿದ್ದಳು. ಹಸಿಯದನ್ನು ಎಂದೂ ಒಲೆಗೆ ಇಡುತ್ತಿರಲಿಲ್ಲ.

“ಏನೇ, ಸೌದೆ ಬರೋ ದಿನ ಅಂತ ತಲೆ ಬಾಚ್ಕೊಂಡ್ಯಾ?” ಎಂದು ಚಿಕ್ಕಮ್ಮ ಕಾಲೆಳೆಯುವಳು.

“ನಿಮ್ಗೆ ಬೇರೆ ಕೆಲ್ಸ ಇಲ್ವಾ ಚಿಕ್ಕಮ್ಮ?”

“ಇದ್ಯಲ್ಲ, ನಿನ್ ಮದ್ವೆ ಮಾಡೋದು!”

ಆ ಕೆಲಸ ಚಿಕ್ಕಮ್ಮ ಮಾಡಿಯೂ ಬಿಟ್ಟಳು. ರೈಲು ಹಳಿ ಕಾಯುವ ಥಾಕ್ ಎಂಬ ವಿಧುರ, ಮೃದು ಸ್ವಭಾವದ ನಡುವಯಸ್ಕ, ಹೆಣ್ಣು ಕೇಳಿ ಕಳಿಸಿದ್ದ. ಹುಣ್ಣಿಮೆಯ ಬೆಳಿಗ್ಗೆ ಎಲೆಯಡಿಕೆಯ ತಟ್ಟೆ ತರುವುದೆಂದು ಮಾತಾಯಿತು. ಆ ತಟ್ಟೆಯನ್ನು ಹೆಣ್ಣಿನ ಕಡೆಯವರು ಕೈಗೆ ತೆಗೆದುಕೊಂಡರೆಂದರೆ ಮುಗಿಯಿತು. ನಮ್ಮಲ್ಲಿ ಹಿಂದಿರುಗಿಸುವ ಮಾತಿಲ್ಲ.

ಥೋವಾ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಮಾರನೆಯ ದಿನ ಸಂತೆ; ಬುಟ್ಟಿ ಬೆನ್ನಿಗೇರಿಸಿ ಕಾಡಿನ ಚಹಾದೆಲೆ ಕೊಯ್ಯುವ ನೆಪದಲ್ಲಿ ಘಾಟಿ ಹತ್ತಿದಳು. ಡಾಂಬರು ರಸ್ತೆಯಿಂದಲ್ಲ, ಹಿಂದಿನ ಅರಸರ ಕಾಲದ, ಪಾಚಿಗಟ್ಟಿದ ಮೆಟ್ಟಿಲುಗಳ ಕಾಲುದಾರಿಯಿಂದ. ಹೆಜ್ಜೆಗೊಮ್ಮೆ ಸಮುದ್ರ ಮರಗಳ ಸಂದಿನಿಂದ ಇಣುಕುವುದು, ಮತ್ತೆ ಮಂಜಿನ ಪರದೆಯೊಳಗೆ ಸರಿಯುವುದು... ಮಾತಿನ ತುದಿಗೆ ಬಂದೂ ಬಾರದ ಭಾವದ ಹಾಗೆ! ಉಸಿರು ಏರಿತ್ತು. ಆ ಏದುಸಿರು ಏರಿನದೋ ಎದೆಯದೋ ಅವಳಿಗೇ ತಿಳಿಯಲಿಲ್ಲ.

ಕಲ್ಲುಬಾಗಿಲ ಬಳಿ ವಿಯೆನ್ ಕೊಂಬೆ ಬಿಗಿಯುತ್ತ ಕೂತಿದ್ದ. ಅವಳನ್ನು ಕಂಡು ಗಡಬಡಿಸಿ ಎದ್ದ.

“ಹುಣ್ಣಿಮೆಗೆ ಎಲೆಯಡಿಕೆ ತರ್ತಾರಂತೆ” ಎಂದಳು ಥೋವಾ, ಪೀಠಿಕೆಯಿಲ್ಲದೆ.

“ಯಾರು?”

“ರೈಲ್ವೆಯ ಥಾಕ್.”

ವಿಯೆನ್ ಹಗ್ಗದ ಗಂಟನ್ನೇ ನೋಡಿದ. “ಒಳ್ಳೇವ್ರು. ಒಂದಿನಾನೂ ರಸಕ್ಕೆ ಚೌಕಾಸಿ ಮಾಡಿಲ್ಲ.”

“ಅಷ್ಟೇನಾ?”

“ಇನ್ನೇನ್ ಹೇಳ್ಲಿ?”

ಅಯ್ಯೋ ಮೂಢನೇ! ಬೆಟ್ಟ ಹತ್ತಿ ಬಂದವಳ ಮುಖ ನೋಡಬಾರದಿತ್ತೇ? ಥೋವಾ ತುಟಿ ಕಚ್ಚಿದಳು. ಆಮೇಲೆ, ಇಷ್ಟು ವರ್ಷ ನುಂಗಿಕೊಂಡಿದ್ದ ಪ್ರಶ್ನೆಯನ್ನು ಕೇಳಿಯೇಬಿಟ್ಟಳು: “ಒಂದ್ ಮಾತು ಹೇಳಿ. ಊರುದ್ದಕ್ಕೂ ಅಷ್ಟು ಮನೆಗಳಿವೆ. ಕೊಂಬೇನ ನಮ್ಮ ಬಾಗ್ಲಲ್ಲೇ ಯಾಕೆ ಬಿಡ್ತೀರಿ?”

ಅವನ ಬಾಯಿ ತೆರೆಯಿತು. ಮೂಗು ಮುಚ್ಚಿಕೊಂಡು ನಕ್ಕವರೆಲ್ಲ ಆ ಕ್ಷಣದಲ್ಲಿ ಸಾಲಾಗಿ ಕಣ್ಣೆದುರು ನಿಂತರೇನೋ...

“ಅಲ್ಲಿಗೆ ಇಳಿಜಾರು ಮುಗಿಯುತ್ತಲ್ಲ, ಅದಕ್ಕೆ” ಎಂದ.

ಥೋವಾ ಕಾಲುದಾರಿ ಇಳಿದಳು. ಬುಟ್ಟಿಯಲ್ಲಿ ಒಂದು ಎಲೆಯೂ ಇರಲಿಲ್ಲ. ಮನೆಗೆ ಬಂದು, “ಬರ್ಲಿ ಬಿಡಿ ಚಿಕ್ಕಮ್ಮ, ಎಲೆಯಡಿಕೆ ತಗೊಳ್ಳೋಣ” ಎಂದಷ್ಟೇ ಹೇಳಿ ಅಕ್ಕಿ ನೆನೆಹಾಕಿದಳು.

ಹುಣ್ಣಿಮೆ ಹತ್ತಿರವಾಯಿತು. ನಾಮ್ ಓ ಕಡೆಯಿಂದ ಒಣಮೀನು ಮಾರಲು ಬಂದ ಹೆಂಗಸೊಬ್ಬಳು ತಿಂಡಿ ತಿನ್ನುತ್ತ ಸುದ್ದಿ ಬಿಚ್ಚಿದಳು. “ಗೊತ್ತಾಯ್ತೇನೇ? ವಿಯೆನ್ನಿಗೆ ಪಟ್ಟಣದಿಂದ ಅವ್ನ ತಂಗಿ ಹೊಸ ಸೈಕಲ್ ಕಳ್ಸಿದ್ದಾಳೆ! ಬ್ರೇಕ್ ಹಿಡಿದ್ರೆ ಗಕ್ಕಂತ ನಿಲ್ಲುತ್ತೆ, ಕತ್ತೆ ಹಟ ಹಿಡಿದ ಹಾಗೆ. ಇನ್ನು ಕೊಂಬೆ ಗಿಂಬೆ ಏನೂ ಬೇಕಿಲ್ಲ. ನಿನ್ ಒಲೆ ಕಥೆ ಮುಗೀತು ಬಿಡು!”

ಅವಳು ನಕ್ಕಳು. ಥೋವಾ ಕೂಡ ನಕ್ಕಳು, ನಗುತ್ತಲೇ ಒಳಗೆ ಹೋಗಿ ಹಿತ್ತಿಲ ಗೋಡೆಗೊರಗಿದ್ದ ಒಣಕೊಂಬೆಗಳ ಮುಂದೆ ನಿಂತಳು. ಮಾತಿಲ್ಲದ ಆ ಬಾಂಧವ್ಯಕ್ಕೆ ಇದ್ದದ್ದು ಒಂದೇ ಒಂದು ಹಗ್ಗ. ಅದೂ ಈಗ ಬಿಚ್ಚಿಹೋಯಿತು. ಇಳಿಜಾರಿಗಾಗಿಯೇ ಬರುತ್ತಿದ್ದ ಕೊಂಬೆಯಾದರೆ ಇನ್ನೇಕೆ ಬರುತ್ತದೆ? ಅವಳು ಮನಸಾರೆ ಅತ್ತಳು, ಆಮೇಲೆ ಮುಖ ತೊಳೆದು ಗಿರಾಕಿಗಳಿಗೆ ಚಹಾ ಕೊಟ್ಟಳು.

ಹುಣ್ಣಿಮೆಯ ಮುಂಜಾನೆ ಮಂಜು ರಸ್ತೆಯವರೆಗೂ ಇಳಿದು, ಎದುರು ಮನೆಯೂ ಕಾಣದಂತೆ ಊರನ್ನು ತನ್ನ ಶ್ವೇತೋತ್ತರೀಯದಲ್ಲಿ ಸುತ್ತಿಕೊಂಡಿತ್ತು. ಚಿಕ್ಕಮ್ಮ ಗತಿಸಿದ ಹಿರಿಯರ ಪೂಜಾಪೀಠಕ್ಕೆ ಹೂವಿಟ್ಟಿದ್ದಳು. ಥಾಕ್ ತನ್ನ ಅಣ್ಣನೊಡನೆ ಅದೇ ತಾನೇ ಬಂದು, ಕೆಂಪು ಬಟ್ಟೆ ಮುಚ್ಚಿದ ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು, ಶುಭಘಳಿಗೆಗೆ ಕಾಯುತ್ತ ಅಂಗಳದ ಬೆಂಚಿನ ಮೇಲೆ ಕುಳಿತಿದ್ದ. ಥೋವಾ ಒಲೆಯ ಮುಂದೆ ಬಟ್ಟಲುಗಳ ಮುಚ್ಚಳ ತೆಗೆಯುತ್ತಿದ್ದಳು.

ಆಗ ಕೇಳಿಸಿತು.

ಸರ್... ಸರ್ರ್... ಒದ್ದೆ ರಸ್ತೆಯ ಮೇಲೆ ಎಲೆಗಳು ಉಜ್ಜುವ ಸದ್ದು. ಮೇಲಿನ ತಿರುವಿನಲ್ಲಿ ಕ್ಷೀಣವಾಗಿ, ಆಮೇಲೆ ಹತ್ತಿರ, ಇನ್ನೂ ಹತ್ತಿರ... ಥೋವಾಳ ಕೈ ಹಬೆಯಲ್ಲೇ ನಿಂತುಬಿಟ್ಟಿತು, ಸುಟ್ಟದ್ದೂ ತಿಳಿಯಲಿಲ್ಲ. ಬೇರೆ ಯಾರೋ ಇರಬಹುದು, ಬ್ರೇಕಿಲ್ಲದವರು ಊರು ತುಂಬ ಇದ್ದಾರೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತ ಬಾಗಿಲಿಗೆ ಬಂದಳು.

ಮಂಜಿನೊಳಗಿಂದ ಹೊಳೆಯುವ ಹೊಸ ಸೈಕಲ್ಲು ಮೂಡಿತು. ಎರಡೂ ಕೈಗಳಿಂದ ಹೊಚ್ಚಹೊಸ ಬ್ರೇಕು ಹಿಡಿದು ವಿಯೆನ್ ಮೆಲ್ಲನೆ ಬರುತ್ತಿದ್ದ. ಜಾಡಿಗಳಿರಲಿಲ್ಲ. ಹಿಂದೆ, ಹಗ್ಗದ ತುದಿಯಲ್ಲಿ, ಅವನು ಎಂದೂ ತರದಷ್ಟು ದೊಡ್ಡದಾದ ಹಸಿರು ಕೊಂಬೆ!

ಬೀದಿಯಲ್ಲಿ ನಗೆ ಸಿಡಿಯಿತು. “ಅಲ್ಲ ಮಾರಾಯ, ಬ್ರೇಕ್ ಇಟ್ಕೊಂಡೂ ಮರ ಎಳ್ಕೊಂಡ್ ಬಂದ್ಯಲ್ಲೋ! ತಲೆ ಗಿಲೆ ಕೆಟ್ಟಿದ್ಯಾ?”

ವಿಯೆನ್ ಯಾರ ಕಡೆಗೂ ನೋಡಲಿಲ್ಲ. ಸೈಕಲ್ಲು ನಿಲ್ಲಿಸಿ, ಹಗ್ಗ ಬಿಚ್ಚಿ, ಕೊಂಬೆಯನ್ನು ಥೋವಾಳ ಹೊಸ್ತಿಲ ಮುಂದೆ ಇಟ್ಟ. ಕಿವಿಯವರೆಗೂ ಕೆಂಪೇರಿದ್ದ.

“ಬ್ರೇಕ್ ಚೆನ್ನಾಗಿದೆ” ಎಂದ. “ಇಳಿಜಾರಿನಲ್ಲಿ ಎಲ್ಲಿ ಬೇಕಾದ್ರೂ ನಿಲ್ಲುತ್ತೆ.”

“ಮತ್ತೆ ಇದ್ಯಾಕೆ?” ಥೋವಾಳ ಧ್ವನಿ ಕೇಳಿಸಿದ್ದು ಅವನೊಬ್ಬನಿಗೇ.

“ಅವತ್ತು ಸುಳ್ಳು ಹೇಳ್ದೆ. ಇಳಿಜಾರು ಮುಗಿಯುತ್ತೆ ಅಂತ ಅಲ್ಲ... ನೀವಿದ್ದೀರಿ ಅಂತ.” ಉಸಿರು ಎಳೆದುಕೊಂಡ. “ನನ್ ಮೈ ಮೀನಿನ ವಾಸ್ನೆ ಹೊಡೆಯುತ್ತೆ, ಥೋವಾ.”

“ನನ್ ಅಂಗ್ಡಿ ನಡೀತಿರೋದೇ ಆ ವಾಸ್ನೆ ಮೇಲೆ” ಎಂದಳು ಅವಳು.

ಬೀದಿಯ ನಗೆ ನಿಂತಿತು. ಚಿಕ್ಕಮ್ಮ ಬೆಂಚಿನ ಕಡೆಗೂ ಹೊಸ್ತಿಲ ಕಡೆಗೂ ನೋಡುತ್ತ ಕೈ ಹಿಸುಕಿಕೊಂಡಳು. ಥಾಕ್‌ನ ಅಣ್ಣ ಸಿಟ್ಟಿನಿಂದ ಎದ್ದ. ಥಾಕ್ ಅವನ ತೋಳು ಹಿಡಿದು ಕೂರಿಸಿದ. ಮನೆಯ ಬಾಗಿಲಿಗೆ ಅಡ್ಡಲಾಗಿ ಮಲಗಿದ್ದ ಆ ಕೊಂಬೆಯನ್ನು ಅವನು ಬಹಳ ಹೊತ್ತು ನೋಡಿದ. ಮುಖದಲ್ಲಿ ನೋವಿತ್ತು, ಸುಳ್ಳೇಕೆ ಹೇಳಲಿ?

“ಅಕ್ಕ,” ಎಂದ ಕೊನೆಗೆ, ಚಿಕ್ಕಮ್ಮನ ಕಡೆ ತಿರುಗಿ, “ಹಳಿ ಮೇಲೆ ಮರ ಬಿದ್ರೆ ಗಾಡಿ ನಿಲ್ಲಿಸ್ಬೇಕು. ನನ್ ಕೆಲ್ಸಾನೇ ಅದು.” ತಟ್ಟೆಯ ಕೆಂಪು ಬಟ್ಟೆಯನ್ನು ಸರಿಮಾಡಿ ಎದ್ದ. “ತಿಂಡಿ ಆಗಿದ್ರೆ ಎರಡು ಬಟ್ಟಲು ಕೊಡಿ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ.”

ಥೋವಾ ತಾನೇ ಬಡಿಸಿದಳು, ಎರಡು ಕೈಯಲ್ಲೂ ಬಟ್ಟಲು ಹಿಡಿದು, ತಲೆ ಬಾಗಿಸಿ. ಅವನು ತಿಂದು, ಚೆನ್ನಾಗಿದೆ ಎಂದು ಹೇಳಿ, ಅಣ್ಣನೊಡನೆ ಮಂಜಿನಲ್ಲಿ ನಡೆದುಹೋದ.

ಚಿಕ್ಕಮ್ಮನಿಗೆ ಆಗ ಬಾಯಿ ಬಂತು. “ಏನೋ ಪುಣ್ಯಾತ್ಮ, ಹೆಣ್ಣು ಕೇಳೋಕೆ ಎಲೆಯಡಿಕೆ ತರ್ತಾರೋ, ಮರ ತರ್ತಾರೋ? ನಡಿ, ನಿನ್ ಊರಿಂದ ಹಿರಿಯರನ್ನ ಕರ್ಕೊಂಡು ಸರಿಯಾಗಿ ಬಾ!”

“ಬರ್ತೀನಿ ಚಿಕ್ಕಮ್ಮ” ಎಂದ ವಿಯೆನ್. ಅಷ್ಟು ಸಲೀಸಾಗಿ ಅವನು ಮಾತಾಡಿದ್ದನ್ನು ಲಾಂಗ್ ಕೋ ಊರು ಅಂದೇ ಮೊದಲು ಕೇಳಿದ್ದು.

ಘಾಟಿಯ ಮೊದಲ ತಿರುವಿನವರೆಗೆ ಥೋವಾಳೂ ಅವನ ಜೊತೆ ಸೈಕಲ್ಲು ತಳ್ಳುತ್ತ ಹೋದಳು. ಏನು ಮಾತಾಡಿದರೋ ನನಗೆ ಗೊತ್ತಿಲ್ಲ, ಗೊತ್ತಿದ್ದರೂ ಹೇಳುವಂಥದಲ್ಲ. ಹಿಂತಿರುಗಿ ಬಂದವಳು ಆ ಕೊಂಬೆಯನ್ನು ಗೋಡೆಗೆ ಒರಗಿಸಲಿಲ್ಲ; ಕಾದದ್ದು ಸಾಕಾಗಿತ್ತು. ಅಲ್ಲೇ ಕುಳಿತು ರೆಂಬೆ ಮುರಿದು, ಹಸಿಹಸಿಯಾಗಿಯೇ ಒಲೆಗೆ ತುಂಬಿದಳು.

ಮನುಷ್ಯಹೃದಯ ಎಂಥ ವಿಚಿತ್ರ ವಸ್ತು, ರಸಿಕರೇ! ಬೇಕಾದದ್ದನ್ನು ಹೊತ್ತು ತಂದಾಗ ನಾವು ಅದನ್ನು ದುಡಿಮೆ ಎನ್ನುತ್ತೇವೆ, ಮರೆತೂಬಿಡುತ್ತೇವೆ. ಬೇಡವಾದ ಮೇಲೂ ಒಬ್ಬರ ಬಾಗಿಲಿಗಾಗಿ ಘಾಟಿಯುದ್ದಕ್ಕೂ ಎಳೆದು ತಂದ ಭಾರ ಮಾತ್ರ ಜನ್ಮವಿಡೀ ನೆನಪಿರುತ್ತದೆ... ಹಸಿ ಕೊಂಬೆ ಉರಿಯುವುದುಂಟೇ? ಹೊಗೆಯೆದ್ದು ಮನೆ ತುಂಬಿತು, ಬೀದಿ ತುಂಬಿತು, ಇಳಿದು ಬಂದಿದ್ದ ಮಂಜಿನೊಡನೆ ಬೆರೆತು ಮೆಲ್ಲನೆ ಘಾಟಿಯ ಕಡೆಗೆ ಏರಿತು. “ಒಣಗಿದ್ದು ಅಷ್ಟೊಂದಿದೆಯಲ್ಲೇ, ಹುಚ್ಚಿ!” ಎಂದು ಚಿಕ್ಕಮ್ಮ ಕೆಮ್ಮುತ್ತ ಕಣ್ಣೊರೆಸಿಕೊಂಡಳು. ಥೋವಾಳೂ ಒರೆಸಿಕೊಂಡಳು; ಆಮೇಲೆ ಇನ್ನೊಂದು ರೆಂಬೆ ಮುರಿದು ಒಲೆಗಿಟ್ಟಳು.