ಯಾರ ಕಡೆಯೋರು?

ಇನ್ನೊಬ್ಬಳ ಪರೀಕ್ಷೆಗೆ ತಾಯಿಯ ಪಾತ್ರವಾಗಿ ಕೂತಿದ್ದ ಕುರ್ಚಿಯಿಂದ ಲರೋನಾ ಇನ್ನೂ ಎದ್ದಿರಲಿಲ್ಲ. ಅಷ್ಟರಲ್ಲೇ ಪ್ರೊಫೆಸರ್ ಮಕೇ ಪರೀಕ್ಷೆಗೆ ಅವಳ ಹೆಸರು ಕೂಗಿದ. ಸಮಾಜಕಾರ್ಯದ ತರಗತಿಯಲ್ಲಿ ಅಭಿನಯದ ಪಾಠ ನಡೆದಾಗಲೆಲ್ಲ ಕಷ್ಟದಲ್ಲಿರುವ ಹೆಂಗಸಿನ ಪಾತ್ರ ಅವಳದೇ. ಕುಡುಕಿ, ಮನೆ ಕಳೆದುಕೊಂಡವಳು, ಮಗುವನ್ನು ಸರ್ಕಾರ ಕೊಂಡೊಯ್ದ ತಾಯಿ. ನೀನು ಎಷ್ಟು ಸಹಜವಾಗಿ ಮಾಡ್ತೀಯ ಎನ್ನುತ್ತಿದ್ದರು ಗೆಳತಿಯರು. ಇದನ್ನೂ ಹೊಗಳಿಕೆ ಅನ್ನುತ್ತಾರೆ. ಇಡೀ ಕ್ಲಾಸಿಗೆ ಕಪ್ಪು ಜನಾಂಗದ ಹುಡುಗಿ ಅವಳೊಬ್ಬಳೇ. ಎದುರಿನ ಕುರ್ಚಿಯಲ್ಲಿ, ಸಮಾಜಕಾರ್ಯಕರ್ತೆಯಾಗಿ, ಅವಳು ಕೂರುವುದು ಇವತ್ತೇ ಮೊದಲು. ಪಾಸಾಗದಿದ್ದರೆ ಚಳಿಗಾಲದ ತರಬೇತಿಗೆ ಕಳಿಸುವುದಿಲ್ಲ.

ಹಿಂದಿನ ಸಾಲಿನಲ್ಲಿ ವರ್ನಾ ಬೀಲ್ಸ್ ಕೋಟಿನ ಗುಂಡಿ ತಿರುವುತ್ತ ಕೂತಿದ್ದಳು. ಅವಳೂ ಕಪ್ಪು ಜನಾಂಗದವಳೇ, ಕಪ್ಪು ವಿದ್ಯಾರ್ಥಿಗಳಿಗೆ ಒತ್ತಾಸೆಯಾಗಿರಲೆಂದು ವಿಶ್ವವಿದ್ಯಾಲಯ ಇಟ್ಟುಕೊಂಡ ಸಲಹೆಗಾರ್ತಿ. ಒತ್ತಾಸೆ ಎಂದರೆ ಇಷ್ಟೇ: ಫಲಿತಾಂಶ ಬಂದ ಮೇಲೆ ಮಕೇಯ ಕೋಣೆಗೆ ಹೋಗಿ, ಬಾಗಿಲು ಮುಚ್ಚಿ, ಮೆಲುದನಿಯಲ್ಲಿ ಬೇಡಿಕೊಳ್ಳುವುದು. ಈ ಸಲ ಆ ಪಾಡು ಬೇಡವೆಂದು ಹುಡುಗಿಯನ್ನು ತಾನೇ ತಯಾರು ಮಾಡಿದ್ದಳು. ನಮ್ಮವರು ಕೇಳುವ ಹಾಗೆ ಯಾರ ಕಡೆಯೋರು ಅಂತ ಮಾತ್ರ ಬಾಯಿತಪ್ಪಿಯೂ ಕೇಳಬೇಡ ಎಂದಿದ್ದಳು. ಹಿಂದೊಬ್ಬ ಹುಡುಗ ಹಾಗೆ ಕೇಳಿ, ಖಾಸಗಿ ವಿಷಯ ಕೆದಕಿದನೆಂದು ಫೇಲಾಗಿದ್ದ.

ಈಗ ತಾಯಿಯ ಪಾತ್ರ ಮಾಡಬೇಕಿದ್ದ ಸಹಪಾಠಿ ಕೈಟ್ಲಿನ್, ಪಾತ್ರದ ವಿವರವಿದ್ದ ಚೀಟಿ ಓದಿ, ನಗು ತಡೆಯಲಾರದೆ, ತನಗೆ ಇದೆಲ್ಲ ಬರುವುದಿಲ್ಲ ಎಂದಳು. ಮಕೇ ಗಡಿಯಾರ ನೋಡಿ, ನೀವೇ ಕೂತುಬಿಡಿ ಎಂದು ವರ್ನಾಳಿಗೆ ಹೇಳಿದ.

ಲರೋನಾ ಕಲಿತ ಪ್ರಶ್ನೆಗಳನ್ನು ತಪ್ಪಿಲ್ಲದೆ ಒಪ್ಪಿಸಿದಳು. ಬಸ್ಸಿನಲ್ಲಿ ಮುಂದಿನ ನಿಲ್ದಾಣ ಹೇಳುವ ದನಿ. ವರ್ನಾ ಚೀಟಿಯಲ್ಲಿದ್ದದ್ದನ್ನು ಹೇಳಿದಳು: ಆಸ್ಪತ್ರೆ ಸೇರಬೇಕು, ಮಗುವನ್ನು ನೋಡಿಕೊಳ್ಳಲು ಯಾರೂ ಇಲ್ಲ, ನಾಳೆ ಅದನ್ನು ಗುರುತು ಪರಿಚಯ ಇಲ್ಲದವರ ಮನೆಗೆ ಕಳಿಸುತ್ತಾರೆ. ಮಕೇ ತಲೆಯಾಡಿಸುತ್ತಿದ್ದ. ಪಾಸಾಗುವುದು ಖಾತ್ರಿಯಿತ್ತು. ಆದರೂ ವರ್ನಾಳಿಗೆ, ಇಂಥ ಚುರುಕು ಹುಡುಗಿಯನ್ನು ಮರದ ಗೊಂಬೆ ಮಾಡಿಬಿಟ್ಟೆನಲ್ಲ ಎಂದು ನಾಚಿಕೆಯಾಯಿತು.

ಲರೋನಾ ಮಾತು ನಿಲ್ಲಿಸಿದಳು. ಮುಂದೆ ಬಾಗಿದಳು.

"ನೀವು ಯಾರ ಕಡೆಯೋರು, ಆಂಟಿ?"

ಮಕೇಯ ಪೆನ್ನು ಕಾಗದಕ್ಕೆ ತಾಗಿತು. ಅದೆಲ್ಲ ಯಾಕೆ ನಿನಗೆ ಎಂದು ವರ್ನಾ ಗದರಿದ್ದರೆ ಹುಡುಗಿ ಕ್ಷಮೆ ಕೇಳಿ ಹಿಂದೆ ಸರಿಯಬಹುದಿತ್ತು, ಅಂಕ ಉಳಿಯುತ್ತಿತ್ತು. ಆ ಮಾತು ನಾಲಗೆಯ ತುದಿಗೂ ಬಂದಿತ್ತು. ಆದರೆ ಚೀಟಿಯ ಹೆಂಗಸಿಗೆ ಹೆಸರೂ ಇರಲಿಲ್ಲ, ಊರೂ ಇರಲಿಲ್ಲ. ವರ್ನಾ ತನ್ನದನ್ನೇ ಕೊಟ್ಟಳು.

"ನಾರ್ತ್ ಪ್ರೆಸ್ಟನ್ನಿನ ಬೀಲ್ಸ್ ಮನೆಯೋರು. ಚರ್ಚಿನ ಹಿಂದ್ಗಡೆ, ನೀಲಿ ಮನೆ."

ಹ್ಯಾಲಿಫ್ಯಾಕ್ಸ್ ಹೊರಗಿನ ಕಪ್ಪು ಜನರ ಆ ಊರು ಲರೋನಾಳಿಗೆ ಚೆನ್ನಾಗಿ ಗೊತ್ತು. "ಪರ್ಲ್ ಅಜ್ಜಿ ನಿಮಗೇನಾಗ್ಬೇಕು?"

"ಸೋದರತ್ತೆ."

"ಮತ್ತೆ ಯಾರೂ ಇಲ್ಲ ಅಂತೀರಲ್ಲ. ಊರ ಮಕ್ಳೆಲ್ಲ ಆ ಅಜ್ಜಿ ಅಡುಗೆಮನೇಲೇ ಬೆಳೆದಿದ್ದು. ಮಗೂನ ಅವ್ರ ಹತ್ರ ಬಿಡೋಣ್ವಾ?"

ಅದು ಚೀಟಿಯಲ್ಲಿ ಇಲ್ಲ ಎಂದ ಮಕೇ.

"ಚೀಟಿ ಬರ್ದೋರು ಕೇಳಿರ್ಲಿಲ್ಲ," ಎಂದಳು ವರ್ನಾ, ಇಡೀ ಕ್ಲಾಸಿಗೆ ಕೇಳುವಂತೆ. "ಇವಳು ಕೇಳಿದ್ಳು. ಅದಕ್ಕೆ ಅಂಕ ಕಳೀತೀರಾ?"

ದೂರದಲ್ಲಿ ಹ್ಯಾಲಿಫ್ಯಾಕ್ಸ್ ಬಂದರಿನಲ್ಲಿ, ಮಂಜು ಕವಿದಾಗ ಹಡಗುಗಳನ್ನು ಎಚ್ಚರಿಸುವ ಕೊಂಬು ಕೂಗಿತು. ಮಕೇ ಸಮಯವಾಯಿತೆಂದು ಎದ್ದ. ಲರೋನಾ ಕೂಡ ಏಳಹೋದಳು. ವರ್ನಾ ತಾಯಿಯ ಕುರ್ಚಿ ಬಿಡಲಿಲ್ಲ.

"ಕೂತ್ಕೊ ಮಗಳೇ," ಎಂದಳು. "ಅಜ್ಜಿಗೆ ಫೋನ್ ಮಾಡೋದು ಬಾಕಿ ಇದೆ."

ಲರೋನಾ ಮತ್ತೆ ಕೂತು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಮಕೇ ಸ್ವಲ್ಪ ಹೊತ್ತು ನಿಂತೇ ಇದ್ದ. ಆಮೇಲೆ ಪೆನ್ನು ಕೆಳಗಿಟ್ಟು ತಾನೂ ಕೂತ.