ಸೋಡ್ ಅಂದರೆ ಮುಟ್ಟಬ್ಯಾಡ

ಅಂಧೇರಿಯ ಆ ಸೈಟಿನಲ್ಲಿ ಇಪ್ಪತ್ತೆರಡು ಮಾಳಿಗೆಯ ಬಿಲ್ಡಿಂಗ್ ಏಳುತ್ತಿತ್ತು. ಕೆಲಸದವರಲ್ಲಿ ಯಾದಗಿರಿ, ವಿಜಯಪುರದವರಿದ್ದರು. ಬಿಹಾರ, ಒಡಿಶಾದವರೂ ಇದ್ದರು. ಒಬ್ಬನೇ ಕಂತ್ರಾಟುದಾರನ ಹಿಂದೆ ಒಂಬತ್ತು ವರ್ಷ ಸೈಟಿನಿಂದ ಸೈಟಿಗೆ ಒಟ್ಟಿಗೆ ತಿರುಗಿದವರು. ಶುರುವಿಗೆ ಅವರ ನಡುವೆ ಬರೀ ಕೈಸನ್ನೆ. ಆಮೇಲೆ ಹಿಂದಿಯ ಹತ್ತು ಶಬ್ದ, ಮರಾಠಿಯ ನಾಲ್ಕು, ಕನ್ನಡದ ಬಾಲ ಸೇರಿ ಕೆಲಸ ಸಾಗುವಷ್ಟು ಮಾತು ಹುಟ್ಟಿತು. ದೊಡ್ಡವರು ಸಂಜೆ ಶೆಡ್ಡಿಗೆ ಬಂದ ಮೇಲೆ ತಮ್ಮ ತಮ್ಮ ಭಾಷೆ ಆಡುತ್ತಿದ್ದರು. ಆ ಶೆಡ್ಡುಗಳಲ್ಲೇ ಹುಟ್ಟಿದ ಮಕ್ಕಳಿಗೆ ಮಾತ್ರ ಹಗಲೂ ಸಂಜೆಯೂ ಅದೇ ಮಾತು.

ಮಹಾದೇವಿಯ ಮಗಳು ಅನುರಾಧಾಳಿಗೆ ಏಳು ವರ್ಷ. "ಆಯೀ, ಪಾನಿ ಖತಮ್ ಆಗ್ಯಾದ, ಮೈ ಲಾತೀನಿ," ಎಂದು ತಾಯಿಗೆ ಹೇಳಿ ಕೊಡ ಎತ್ತಿಕೊಂಡು ಓಡುತ್ತಿದ್ದಳು. ಊರಿಂದ ಫೋನ್ ಮಾಡಿದ ಅಜ್ಜಿ ಕಾಶವ್ವ, "ಕೂಸು ಏನಂತದ ಮಾದೇವಿ, ನನಗೊಂದೂ ತಿಳೀವಲ್ದು," ಎನ್ನುತ್ತಿದ್ದಳು. ಮಹಾದೇವಿ ನಗುತ್ತಿದ್ದಳು.

ಸೈಟಿನ ಆ ಮಾತಿನಲ್ಲಿ 'ಸೋಡ್' ಎಂಬ ಶಬ್ದವೊಂದಿತ್ತು. ಮರಾಠಿಯಲ್ಲಿ ಹಾಗೆಂದರೆ ಕೈಬಿಡು ಎಂದು. ಸೈಟಿನಲ್ಲಿ ಅದಕ್ಕೆ ಕನ್ನಡದವರ 'ಇರ್ಲಿ ಬಿಡು' ಸೇರಿಕೊಂಡು, ಇದ್ದ ಹಾಗೇ ಇರಲಿ, ಮುಟ್ಟಬೇಡ ಎಂಬ ಅರ್ಥ ಬಂದಿತ್ತು. ಯಾವಾಗ ಹಾಗಾಯಿತೋ ಯಾರಿಗೂ ನೆನಪಿಲ್ಲ.

ಹೋಳಿ ಮುಗಿದ ವಾರ ವಿಂಚ್ ಯಂತ್ರಕ್ಕೆ ಸಾತಾರದ ಕಡೆಯ, ಮರಾಠಿ ಮಾತಿನ ಹೊಸ ಆಪರೇಟರ್ ಬಂದ. ಕಬ್ಬಿಣದ ಸರಳಿನ ಕಟ್ಟುಗಳನ್ನು ತಂತಿಹಗ್ಗದಿಂದ ಮೇಲೆಳೆಯುವ ಯಂತ್ರ ಅದು. ಮೊದಲ ದಿನವೇ ಅವನು ಮಹಾದೇವಿಯ ಮರಳಿನ ಬುಟ್ಟಿಗೆ ಕೈ ಕೊಡಲು ಬಂದ. ಅವಳು 'ಸೋಡ್' ಎಂದಳು. ಅವನು ಅರ್ಧ ಎತ್ತಿದ್ದ ಬುಟ್ಟಿಯನ್ನು ಅಲ್ಲೇ ಕೈಬಿಟ್ಟ. ಮರಳೆಲ್ಲ ಚೆಲ್ಲಿತು. ಸುತ್ತಲಿದ್ದವರು ನಕ್ಕರು. ಮಹಾದೇವಿಗೆ ನಗು ಬರಲಿಲ್ಲ.

"ಆ ಹೊಸಬಗ ನಮ್ಮ ಮಾತು ತಿಳಿಯಂಗಿಲ್ರಿ. ಕೂಡಿಸ್ಕೊಂಡು ಹೇಳ್ರಿ," ಎಂದು ಗಂಡ ಮರೆಪ್ಪನಿಗೆ ಹೇಳಿದಳು.

"ನಾಕ್ ದಿನಕ್ಕ ತಾನ ಕಲೀತಾನ ತಗೋ."

ನಾಲ್ಕು ದಿನ ಆಗಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಸರಳಿನ ಕಟ್ಟೊಂದು ಐದನೆಯ ಮಾಳಿಗೆಯ ಹತ್ತಿರ ಸಾರುವೆಯ ಕಂಬಕ್ಕೆ ಸಿಕ್ಕಿಕೊಂಡಿತು. ಮರೆಪ್ಪ ಮೇಲಿನಿಂದ ಬಗ್ಗಿ ನೋಡಿದ. ಆಪರೇಟರ್ ಹಿಡಿಕೆಗೆ ಕೈ ಹಾಕುತ್ತಿದ್ದ. ಮುಟ್ಟಬೇಡ, ನಾನು ಬಿಡಿಸುತ್ತೇನೆ ಎನ್ನಲು ಮರೆಪ್ಪ "ಸೋಡ್, ಸೋಡ್," ಎಂದು ಕೂಗಿದ. ಆಪರೇಟರ್ ಬ್ರೇಕ್ ಬಿಟ್ಟ.

ಕೆಳಗೆ ವಿಜಯಪುರದ ಪೀರಸಾಬ ಮರಳು ಸಾಣಿಸುತ್ತಿದ್ದ. ಅನುರಾಧಾ ಹುಟ್ಟುವ ದಿನ ಮಳೆಯಲ್ಲಿ ಓಡಿ ಆಟೊ ಹಿಡಿದು ತಂದವನು ಅವನು. ಕಟ್ಟು ಅವನ ಮೇಲೇ ಬಿತ್ತು. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಜೀವ ಹೋಗಿಬಿಟ್ಟಿತ್ತು.

ಪೊಲೀಸ್ ಸ್ಟೇಷನ್ನಿನಲ್ಲಿ ಮೊದಲು ಮಾತಾಡಿದವನು ಸೂಪರ್‌ವೈಸರ್ ಹಿತೇಶ್. ಮರೆಪ್ಪ ಬಿಡು ಅಂದ, ಆಪರೇಟರ್ ಬಿಟ್ಟ, ಇದರಲ್ಲಿ ಕೇಳುವುದೇನಿದೆ ಎಂದ.

ಮಹಾದೇವಿ ಮುಂದೆ ಬಂದಳು. "ಸೋಡ್ ಬೋಲೆ ತೋ ಮುಟ್ಟಬ್ಯಾಡ, ಸಾಹೇಬ್. ಹಮಾರಾ ಬಾತ್‌ನ್ಯಾಗ ಹಂಗ."

"ಹಮಾರಾ ಬಾತ್ ಮತ್ಲಬ್? ಕನ್ನಡಾ?" ಎಂದು ಅಧಿಕಾರಿ ಕೇಳಿದ.

"ನಹೀ."

"ಹಿಂದಿ?"

"ನಹೀ, ಸಾಹೇಬ್."

"ಫಿರ್ ಕೌನ್ಸಾ? ನಾಮ್ ಬೋಲ್."

ಒಂಬತ್ತು ವರ್ಷದಲ್ಲಿ ಯಾರೂ ಆ ಮಾತಿಗೆ ಹೆಸರಿಟ್ಟಿರಲಿಲ್ಲ.

ಹೇಳಿಕೆಯನ್ನು ಮರಾಠಿಯಲ್ಲಿ ಬರೆದು ಓದಿ ಹೇಳಿದರು. ಮರೆಪ್ಪ ಮೇಲಿನಿಂದ ಎರಡು ಸಲ 'ಸೋಡ್' ಎಂದು ಕೂಗಿದ ಎಂದು ಅದರಲ್ಲಿತ್ತು. ಕೂಗಿದ್ದು ನಿಜವೇ. ಮರೆಪ್ಪ ತಲೆಯಾಡಿಸಿ ಹೆಬ್ಬೆಟ್ಟು ಒತ್ತಿದ. ಅವನನ್ನು ಅಲ್ಲೇ ಇಟ್ಟುಕೊಂಡರು. "ಕೂಸಿನ ಮ್ಯಾಲ ಲಕ್ಷ್ಯ ಇರ್ಲಿ," ಎಂದಷ್ಟೇ ಹೆಂಡತಿಗೆ ಹೇಳಿದ.

ಮರುದಿನದಿಂದ ಸೈಟಿನಲ್ಲಿ ಹಿಂದಿ ಬಿಟ್ಟು ಬೇರೆ ಮಾತು ಆಡಕೂಡದೆಂದು ಹಿತೇಶ್ ಅಪ್ಪಣೆ ಮಾಡಿದ. ಜನ ಹಿಂದಿಯನ್ನೂ ಆಡಲಿಲ್ಲ. ಯಾವ ಶಬ್ದಕ್ಕೆ ಯಾರು ಏನು ತಿಳಿಯುತ್ತಾರೋ ಎಂದು ಹೆದರಿ ಬಾಯಿ ಮುಚ್ಚಿಕೊಂಡೇ ದುಡಿದರು. ವಿಂಚ್ ಕಿರುಗುಟ್ಟುವ ಸದ್ದೊಂದೇ ದಿನವಿಡೀ ಕೇಳುತ್ತಿತ್ತು.

ಎಂಟು ದಿನದ ಮೇಲೆ ಮಹಾದೇವಿ ಇಟ್ಟಿಗೆ ಹೊರುತ್ತಿದ್ದಳು. ಮರಳ ಗುಡ್ಡೆಯ ಹತ್ತಿರ ಆರು ಮಕ್ಕಳು ಆಡುತ್ತಿದ್ದರು. ಅವರಲ್ಲೊಬ್ಬಳು "ಮ್ಯಾಗ್ರಾ," ಎಂದಳು. ಆರೂ ಮಕ್ಕಳು ಒಮ್ಮೆಲೇ ಎದ್ದು ಹೋಗಿ ಗೋಡೆಗೆ ಬೆನ್ನು ಹಚ್ಚಿ ನಿಂತರು.

"ಆಯೀ, ಮ್ಯಾಗ್ರಾ," ಎಂದು ಅನುರಾಧಾ ಕೂಗಿದಳು. ಮಹಾದೇವಿ ತಿಳಿಯದೆ ಇಟ್ಟಿಗೆ ಹೊತ್ತು ಅಲ್ಲೇ ನಿಂತಳು. ಹುಡುಗಿ ಓಡಿ ಬಂದು ಸೆರಗು ಹಿಡಿದು ಜಗ್ಗಿದಳು. ತಾಯಿ ಮಗಳು ಗೋಡೆ ಸೇರುವಷ್ಟರಲ್ಲಿ, ಅವಳು ನಿಂತಿದ್ದ ಜಾಗದ ನೆತ್ತಿಯ ಮೇಲೆ ಸರಳಿನ ಕಟ್ಟೊಂದು ತೂಗಾಡುತ್ತ ಹಾದುಹೋಯಿತು.

"ಏನಂದಿ ಅದು?"

ಮಗಳು ಕಿವುಡಿಯನ್ನು ನೋಡುವಂತೆ ತಾಯಿಯನ್ನು ನೋಡಿದಳು. ನಿಧಾನಕ್ಕೆ ಬಿಡಿಸಿ ಹೇಳಿದಳು. "ಮ್ಯಾಲ. ಗಿರಾ. ಮ್ಯಾಗ್ರಾ." ಗಿರಾ ಅಂದರೆ ಹಿಂದಿಯಲ್ಲಿ ಬಿತ್ತು ಎಂದು.

"ಯಾರ್ ಕಲಿಸ್ಯಾರ?"

"ಕೋಯಿ ನಹೀ. ಹಮ್ ಮಾಡ್ಯಾ."

ಮಹಾದೇವಿ ತಲೆಯ ಮೇಲಿನ ಇಟ್ಟಿಗೆ ಇಳಿಸಿದಳು. "ಮ್ಯಾ... ಗೀರಾ," ಎಂದಳು.

"ಐಸಾ ಅಲ್ಲಾ," ಎಂದಳು ಹುಡುಗಿ. ಮುಖದಲ್ಲಿ ನಗುವಿರಲಿಲ್ಲ.

ಮೇಲೆ ತಂತಿಹಗ್ಗ ಮತ್ತೆ ಬಿಗಿಯುತ್ತಿತ್ತು. ಮಹಾದೇವಿ ಮಗಳ ಬಾಯಿಯನ್ನೇ ನೋಡುತ್ತ, "ಇನ್ನೊಮ್ಮಿ ಹೇಳವ್ವಾ," ಎಂದಳು.