ಗಾಡಿಯ ಕಿಟಕಿ

ಸಿದ್ದೀಕಾಳಿಗೆ ಕಿಟಕಿ ಇತ್ತು, ರಸ್ತೆ ಇರಲಿಲ್ಲ. ಗಂಡ ಮೈಬೂಬ ತೀರಿದ ಮೇಲೆ ಇದ್ದತ್ತಿನ, ವಿಧವೆ ಮನೆ ಬಿಟ್ಟು ಹೊರಡಬಾರದ ನಾಲ್ಕು ತಿಂಗಳು ಹತ್ತು ದಿನ ಹೊಸ್ತಿಲೊಳಗೇ ಕಳೆದವು, ಇವತ್ತು ಮೊದಲ ಸಲ ಚಪ್ಪಲಿಗೆ ಕರಿಮಣ್ಣು ಹತ್ತುತ್ತಿದೆ, ಜಿಗುಟು, ತಣ್ಣಗೆ, ಎದುರಿನ ಪತ್ರಾಸ ತಗಡಿನ ಶೆಡ್ಡಿನಲ್ಲಿ ಗಾಡಿ ನಿಂತಿದೆ, ಅರಳೆ ಹಿಂಜಿ ಗಾದಿ ತುಂಬುವವರ ಗಾಡಿ, ಅದೇ ಮನೆ ಕೂಡ, ಒಳಗೆ ಮಂಚ, ಒಲೆ, ಫ್ಯಾನು, ಲಚ್ಯಾಣದಿಂದ ಮುದ್ದೇಬಿಹಾಳದ ತನಕ ಯಾವ ಊರಿನ ಬೇವಿನ ಮರದಡಿ ನಿಂತರೂ ಅವಳಿಗೆ ಅದೇ ತನ್ನೂರು ಗೊಳಸಂಗಿ — ಅದರ ಕಿಟಕಿ ಎಷ್ಟು ಕಪ್ಪಗಿದೆ, ಗಾಜಿನ ಮೇಲೆ ಯಾರೋ ಒಳಗಿನಿಂದ ಅಂಗೈ ಒತ್ತಿ ತೆಗೆದಂತೆ ಮಂಜು, ಇಲ್ಲ, ಧೂಳು, ಧೂಳೇ. ಮೈಬೂಬನ ಅಣ್ಣ ಖಲೀಲ ಬೆರಳಿನಲ್ಲಿ ಗಾಡಿಯ ಕೀಲಿ ತಿರುಗಿಸುತ್ತ ನಿಂತಿದ್ದಾನೆ, ಬಾ ಸಿದ್ದೀಕಾ, ಮಾತಂದ್ರ ಮಾತು, ಚಾಲೂ ಆದ್ರ ಗಾಡಿ ನಿಂದು, ನಿನ್ನ ತಮ್ಮ ಮಂಜೂರನ್ನ ಕರ್ಕೊಂಡು ಊರೂರು ತಿರಗು, ಆಗಲಿಲ್ಲಂದ್ರ ನಾಳಿಗೆ ಸಿಂದಗಿಯಿಂದ ಗುಜರಿಯಾವ ಬರ್ತಾನ, ನೀ ಮತ್ತ ನಿಮ್ಮಪ್ಪನ ಮನಿಗೆ. ಆಯ್ತ್ರಿ ಭಾವಾರ ಎನ್ನುತ್ತಾಳೆ. ಅಪ್ಪನ ಮನೆಯಲ್ಲಿ ಅವಳಿಗೆ ಒಂದು ಮೂಲೆ ಇದೆ, ಜೋಳದ ಚೀಲಗಳ ಪಕ್ಕ, ಆ ಮೂಲೆಯನ್ನು ಅವಳು ಚೆನ್ನಾಗಿ ಬಲ್ಲಳು.

ಮಳೆಗಾಲದಲ್ಲಿ ಅರಳೆ ತಂಪು ಹಿಡಿಯುತ್ತದೆ, ಯಾರೂ ಗಾದಿ ತುಂಬಿಸುವುದಿಲ್ಲ, ಪ್ರತಿ ವರ್ಷ ಗಾಡಿ ಶೆಡ್ಡಿಗೆ, ಮೊದಲು ಬ್ಯಾಟರಿ ಕೆಲಸ, ಮೈಬೂಬ ಸೀಟು ಎತ್ತಿ ಬಗ್ಗುತ್ತಾನೆ, ಬಗ್ಗುತ್ತಿದ್ದ, ಇಂಜಿನಿಗೊಂದು ಬ್ಯಾಟರಿ, ಮನೆಗೊಂದು, ಎರಡನ್ನೂ ಒಂದಕ್ಕೊಂದು ಜೋಡಿಸಿದ್ದ, ಒಂದು ಇಳಿದರೆ ಇನ್ನೊಂದೂ ಇಳಿಯುತ್ತದೆ, ನೋಡ ಇಲ್ಲಿ, ಮೈನಸ್ ವೈರ್ ಬಿಚ್ಚಬೇಕು, ನೀರು ನೋಡಬೇಕು, ತಿಂಗಳಿಗೊಮ್ಮಿ ಮನಿಯಿಂದ ವೈರ್ ಎಳದು ಚಾರ್ಜಿಗೆ ಹಚ್ಚಬೇಕು, ಓಡೂ ಬ್ಯಾಟರಿಕಿಂತ ಕುಂತ ಬ್ಯಾಟರಿ ಜಲ್ದಿ ಸಾಯ್ತೈತಿ, ಪೂರಾ ಖಾಲಿ ಆತಂದ್ರ ಮತ್ತ ಏಳಂಗಿಲ್ಲ. ನಿನ್ನಂಗ ಎಂದಿದ್ದಳು ಅವಳು, ಉಂಡು ಮಲಗಿದ್ರ ಏಳಂಗಿಲ್ಲ. ನಕ್ಕಿದ್ದ. ಈ ಸಲ ಗಾಡಿ ನಿಲ್ಲಿಸಿದ ದಿನವೇ ಮಳೆ ಹಿಡಿಯಿತು, ವೈರ್ ನಾಳಿಗೆ ಬಿಚ್ಚತೇನಿ, ಒಂಚೂರು ಅಡ್ಡಾಗತೇನಿ ಎಂದು ಮಧ್ಯಾಹ್ನ ಒಳಗೇ ಮಲಗಿದ, ಚಹಾ ತೆಗೆದುಕೊಂಡು ಹೋದಾಗ ಅವನ ಪಾದ ತಣ್ಣಗಿತ್ತು — ಜೀವ ಹೋದ ಜಾಗದಲ್ಲಿ ನಲವತ್ತು ದಿನ ದೀಪ ಇರಬೇಕು, ಅತ್ತೆ ದಾವಲಬಿ ಎಣ್ಣೆದೀಪ ಹಿಡಿದು ಹೋಗಿ ಹಾಗೇ ತಿರುಗಿ ಬಂದಳು, ತುಂಬ ಅರಳಿ ಐತಿ, ಕಿಡಿ ಬಿದ್ರ ಸುಟ್ಟು ಹೋಗ್ತೈತಿ, ಸಣ್ಣ ಬಲ್ಬ್ ಹಚ್ಚೇನಿ, ನನ್ನ ಮಗನ್ನ ಕತ್ತಲಾಗ ಹೆಂಗ ಬಿಡ್ಲಿ. ಬ್ಯಾಟರಿ ಇಳೀತೈತಿ ಅತ್ತಿ ಎನ್ನುವ ಮಾತು ನಾಲಿಗೆಯವರೆಗೆ ಬಂದಿತ್ತು. ಗಂಡನ ದೀಪ ಆರಿಸೆಂದು ಯಾವ ಹೆಂಡತಿ ಹೇಳುತ್ತಾಳೆ, ನಾಳೆ ಹೇಳಿದರಾಯಿತು, ಅವನೂ ನಾಳೆ ಎಂದೇ ಅಂದಿದ್ದ.

ಸಂಜೆಯಾದರೆ ಆ ಕಿಟಕಿ ಹಳದಿ. ಇವಳು ತನ್ನ ಕಿಟಕಿಯ ಸರಳು ಹಿಡಿದು ಕೂರುವಳು, ಮಳೆ ಎರಡರ ನಡುವೆ ಬೀಳುವುದು, ಮೊದಮೊದಲು ಬರೀ ಬೆಳಕು, ಆಮೇಲೆ ಬೆಳಕಿನಲ್ಲಿ ಬಾಗಿದ ಹೆಗಲು, ಆಮೇಲೆ ಕೈ, ಗಾದಿ ಹೊಲಿಯುವಾಗ ಉದ್ದ ಸೂಜಿಯ ದಾರ ಜಗ್ಗುತ್ತ ತಲೆಯ ಮೇಲಕ್ಕೆ ಏಳುವ ಕೈ, ಕೆಳಗೆ ಇಳಿಯುತ್ತದೆ, ಮತ್ತೆ ಏಳುತ್ತದೆ, ಪರದೆ ಅಲುಗಾಡಿರಬೇಕು, ಆದರೆ ಗಾಡಿಗೆ ಪರದೆಯೇ ಇಲ್ಲ. ಚಾಲೀಸವಾಂ, ನಲವತ್ತನೆಯ ದಿನ ಅತ್ತೆ ಗಾಡಿಯ ಬಾಗಿಲಿಗೆ ಕೀಲಿ ಹಾಕಿ ಬಂದಳು, ಆರಿಸಿದೆ ತಾಯಿ, ಇನ್ನ ಅವ ತನ್ನ ದಾರಿ ಹಿಡೀಲಿ. ಆ ಸಂಜೆ ಕಿಟಕಿ ಕಪ್ಪು. ಮಾರನೆಯ ಸಂಜೆ ಮತ್ತೆ ಹಳದಿ, ಮತ್ತೆ ಕೈ. ಕೀಲಿ ಅತ್ತೆಯ ಸೊಂಟದಲ್ಲೇ ಇತ್ತು, ಅತ್ತೆ ಹಾಸಿಗೆ ಹಿಡಿದು ಕೆಮ್ಮುತ್ತಿದ್ದಳು, ಸಿದ್ದೀಕಾ ಯಾರನ್ನೂ ಕೇಳಲಿಲ್ಲ, ಕೇಳಿದರೆ ಯಾರಾದರೂ ಹೋಗಿ ನೋಡುತ್ತಾರೆ, ನೋಡಿದರೆ ವೈರ್ ಬಿಚ್ಚುತ್ತಾರೆ, ವೈರ್ ಬಿಚ್ಚಿದರೆ ಬೆಳಕು ಹೋಗುತ್ತದೆ, ಕೈ ಹೋಗುತ್ತದೆ, ಆದರೆ ಬ್ಯಾಟರಿ ಉಳಿಯುತ್ತದೆ, ಬ್ಯಾಟರಿ ಉಳಿದರೆ ಗಾಡಿ, ಗಾಡಿ ಉಳಿದರೆ ಅವಳ ಅನ್ನ, ಇದೆಲ್ಲ ಅವಳಿಗೆ ಗೊತ್ತಿತ್ತು, ಗೊತ್ತಿದ್ದೇ ಸರಳು ಹಿಡಿದು ಕುಳಿತಳು. ಬೆಳಕು ದಿನಕ್ಕೊಂದಿಷ್ಟು ಇಳಿಯಿತು, ಹಳದಿ ಹೋಗಿ ಬೆಲ್ಲದ ಬಣ್ಣ, ಬೆಲ್ಲ ಹೋಗಿ ಕೆಂಡ, ಕೈ ನಿಧಾನ, ದಾರ ಭಾರವಾದಂತೆ, ಒಂದು ಸಂಜೆ ಕೈ ಮೇಲಕ್ಕೆ ಹೋಯಿತು, ಅಲ್ಲೇ ನಿಂತಿತು, ಕತ್ತಲಾಯಿತು.

ಹಿಡಿ, ನೀನ ತಿರುವು ಅಂತಾನೆ ಖಲೀಲ, ಆಮ್ಯಾಲೆ ನಾ ಮೋಸ ಮಾಡ್ದೆ ಅನಬ್ಯಾಡ. ಟ್ರ್ಯಾಕ್ಟರಿನ ಬ್ಯಾಟರಿ ಹಚ್ಚಿ ನೋಡೂಣ್ರಿ ಅಂತಾನೆ ಪಕ್ಕದಲ್ಲಿ ನಿಂತ ತಮ್ಮ ಮಂಜೂರ, ಹಚ್ಚಪಾ ಅಂತಾನೆ ಖಲೀಲ, ದಿನಾ ಆ ಟ್ರ್ಯಾಕ್ಟರ್ ನಿಮ್ಮ ಬೆನ್ನ ಹಿಂದ ಬರ್ತೈತೇನು. ಒಳಗೆ ಅರಳೆಯ ವಾಸನೆ, ಮಂಚ, ಗೋಡೆಯ ಮೇಲೆ ಬಲ್ಬಿನ ಸ್ವಿಚ್ಚು ಕೆಳಗೆ ಒತ್ತಿಕೊಂಡಿದೆ, ಚಾಲೂ, ಅವಳು ಅದನ್ನು ನೋಡುತ್ತಾಳೆ, ಅತ್ತೆ ಆರಿಸಿದ್ದಳು, ನೋಡಿಲ್ಲವೆಂಬಂತೆ ಮುಂದೆ ಹೋಗಿ ಕೂರುತ್ತಾಳೆ, ಸೀಟಿನಡಿಯಿಂದ ಬ್ಯಾಟರಿಯ ಬಿಳಿ ಪುಡಿ ಉಕ್ಕಿ ಬಂದಿದೆ, ಕೀಲಿ ತಿರುಗಿಸುತ್ತಾಳೆ, ಟಿಕ್, ಅಷ್ಟೇ, ಮತ್ತೆ, ಈಗ ಟಿಕ್ ಕೂಡ ಇಲ್ಲ, ಮುಗೀತು ಇಳಿ ಎನ್ನುತ್ತಾನೆ ಖಲೀಲ, ಅವಳು ಇಳಿಯುವುದಿಲ್ಲ, ತಲೆಯ ಮೇಲಿನ ಕನ್ನಡಿಯಲ್ಲಿ ಹಿಂದಿನ ಮಂಚ, ಮಂಚದ ಮೇಲೆ ಏನೂ ಇಲ್ಲ, ಏನೂ ಇಲ್ಲದಲ್ಲಿ ಆ ಕೈ, ಮೇಲಕ್ಕೆ ಹೋದದ್ದು, ಇಳಿಯದೆ ನಿಂತದ್ದು, ಮೇಲೆ, ಮೇಲೆಯೇ.

ಹೋದದ್ದು ಬ್ಯಾಟರಿ ಎರಡು. ಗಾಡಿ ಒಂದು. ಗಂಡ, ಎರಡು ಸಲ.